ಸೆಕೆಂಡಿಗೆ ನೂರಾ ಇಪ್ಪತ್ತೆಂಟು ಸಲ

ಗೋಡೆಯ ಹಿಂದೆ ಹೋಗಿ ನಿಂತ ಮೇಲೂ ಸಾಯುವುದೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಖಾಲಿದನಿಗೆ ಬಂದದ್ದು ಅಂತಿಂಥ ಸಿಟ್ಟಲ್ಲ. ಭಾನುವಾರ ಬೆಳಿಗ್ಗೆ ಬೀದರಿನ ತನ್ನ ಮನೆಯಲ್ಲಿ ಕೂತು, ಕಂಪ್ಯೂಟರಿನ ಬಂದೂಕಿನ ಆಟದಲ್ಲಿ ಹನ್ನೊಂದನೆಯ ಸಲ ಸತ್ತು, ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲೇ ಕೂಗಾಡಿಬಿಟ್ಟ. ತಾನು ಗೋಡೆ ದಾಟಿ ಎರಡು ಹೆಜ್ಜೆ ಹೋಗಿಯಾಗಿತ್ತಂತೆ, ಆಮೇಲೆ ಗುಂಡು ಬಡಿಯಿತಂತೆ. ಈ ಸರ್ವರ್ ಶುದ್ಧ ಕುರುಡು, ಇದನ್ನು ಅರವತ್ತನಾಲ್ಕರಿಂದ ನೂರಾ ಇಪ್ಪತ್ತೆಂಟು ಮಾಡದಿದ್ದರೆ ಮುಂದಿನ ವಾರದಿಂದ ನಾನು ಬರುವವನಲ್ಲ ಎಂದು ಹಟ ಹಿಡಿದ.

ಭಾಲ್ಕಿಯಲ್ಲಿ ಕೂತಿದ್ದ ಕೈಲಾಶ ಅದನ್ನು ಕೇಳಿ ನಕ್ಕ. ತಹಸೀಲ ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡು ದಿನವಿಡೀ ಜನರ ಅರ್ಜಿ ತುಂಬುವವನಿಗೆ ಇಂಥ ಹಟಗಳೇನು ಹೊಸವಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೆಳೆಯನನ್ನು ಕಿಚಾಯಿಸಿದ. ಆದರೆ ನಗು ಅಷ್ಟಕ್ಕೇ ನಿಂತಿತು. ಯಾಕೆಂದರೆ ಆ ಸರ್ವರಿನ ಕೀಲಿ ಇದ್ದದ್ದು ಅವನ ಕೈಯಲ್ಲೇ. ಬಾಡಿಗೆಗೆ ಹಿಡಿದವನೂ ಅವನೇ, ನೋಡಿಕೊಳ್ಳುವವನೂ ಅವನೇ.

ಎಲ್ಲೋ ಮುಂಬಯಿಯಲ್ಲಿರುವ ಆ ಯಂತ್ರ ಸದಾ ಕಣ್ಣು ಬಿಟ್ಟುಕೊಂಡು ಕೂತಿರುವುದಿಲ್ಲ. ಸೆಕೆಂಡಿಗೆ ಅರವತ್ತನಾಲ್ಕು ಸಲ ಕಣ್ಣು ತೆರೆದು, ಯಾರು ಎಲ್ಲಿದ್ದಾರೆ, ಯಾರು ಯಾರಿಗೆ ಹೊಡೆದರು ಎಂದು ನೋಡಿ, ಎಲ್ಲರಿಗೂ ಸುದ್ದಿ ಕಳಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹೀಗೆ ನೋಡುವುದಕ್ಕೆ ಟಿಕ್ ಎನ್ನುತ್ತಾರೆ. ಎರಡು ಟಿಕ್‌ಗಳ ನಡುವೆ ನಡೆದದ್ದೆಲ್ಲ ಮುಂದಿನ ಟಿಕ್‌ನ ತನಕ ಕಾಯಬೇಕು. ಆ ಸಂದಿಯಲ್ಲೇ ಖಾಲಿದನಂಥವರು ಸಾಯುವುದು. ನೂರಾ ಇಪ್ಪತ್ತೆಂಟು ಸಲ ನೋಡುವಂತೆ ಮಾಡಿದರೆ ಸಂದಿ ಅರ್ಧವಾಗುತ್ತದೆ, ಖರೆ. ಆದರೆ ಸುದ್ದಿ ಎರಡರಷ್ಟು ಬರುತ್ತದೆ. ನೆಟ್ಟು ಸೊರಗಿದ್ದವನ ಮನೆಗೆ ಅಷ್ಟು ಸುದ್ದಿ ನುಗ್ಗಿದರೆ ಅವನ ಆಟ ಅಲ್ಲೇ ಉಸಿರು ಕಟ್ಟುತ್ತದೆ.

ಆ ಸೊರಗಿದ ನೆಟ್ಟಿನವನು ಅಶ್ವಜಿತ ಎಂಬುದು ಕೈಲಾಶನ ಲೆಕ್ಕ. ಔರಾದ ತಾಲೂಕಿನ ಎಕಂಬಾದಲ್ಲಿ ಹೊಲ ಮಾಡಿಕೊಂಡಿದ್ದ ಅಶ್ವಜಿತ ಎರಡು ವರ್ಷದಿಂದ ಆಟದಲ್ಲಿ ಕುಸಿಯುತ್ತಲೇ ಬಂದಿದ್ದ. ಕೇಳಿದರೆ ಒಂದೇ ಉತ್ತರ: ನೆಟ್ ಸರಿ ಇಲ್ಲ. ಖಾಲಿದನೇನೋ ಬಾಯಲ್ಲಿ ಬರುವುದಿಲ್ಲ ಎಂದರೂ ಬಂದೇ ಬರುತ್ತಾನೆ. ಅಶ್ವಜಿತ ಹಾಗಲ್ಲ, ಹೋದರೆ ಹೋದ. ಅವನು ಹೋದರೆ ಭಾನುವಾರಕ್ಕೆ ಅರ್ಥವೇ ಇಲ್ಲ ಎಂದು ಕೈಲಾಶನ ಕರುಳು ಹೇಳುತ್ತಿತ್ತು.

ಯಾಕೆಂದರೆ ಕೈಲಾಶನನ್ನು ಆಟಕ್ಕೆ ಸೇರಿಸಿಕೊಂಡವನೇ ಅವನು. ಹದಿನೇಳು ವರ್ಷದ ಹಿಂದಿನ ಮಾತು. ಬೀದರಿನ ಚೌಬಾರಾದ ಹತ್ತಿರ ಖಾಲಿದನ ತಂದೆ ಫಕ್ರೋದ್ದೀನ ಚಾಚಾನ ಸೈಬರ್ ಕೆಫೆ ಇತ್ತು. ಹತ್ತು ಮಷೀನು, ಒಂದು ಕೂಲರು, ನೆಲದ ತುಂಬ ನೀಲಿ ವಾಯರು. ಕಾಲೇಜು ತಪ್ಪಿಸಿ ಬಂದು ಕೂತರೆ ಹೊರಗೆ ಬಿಸಿಲು ಹತ್ತಿದ್ದೂ ಗೊತ್ತಿಲ್ಲ, ಇಳಿದದ್ದೂ ಗೊತ್ತಿಲ್ಲ. ಆಗ ಮುಂಬಯಿಯೂ ಇಲ್ಲ, ಟಿಕ್ಕೂ ಇಲ್ಲ. ಗುಂಡು ಈ ಮೇಜಿನಿಂದ ಆ ಮೇಜಿಗೆ ಹೋಗಬೇಕು, ಅಷ್ಟೇ. ಸತ್ತವನ ಬೈಗುಳ ಹೆಡ್‌ಫೋನಿನಲ್ಲಿ ಅಲ್ಲ, ಪಕ್ಕದ ಕುರ್ಚಿಯಿಂದಲೇ ಕೇಳಿಸುತ್ತಿತ್ತು. ಒಂದು ಆಟ ಮುಗಿದರೆ ಎಲ್ಲರೂ ಎದ್ದು ಬಲಕ್ಕೆ ಒಂದೊಂದು ಕುರ್ಚಿ ಸರಿಯಬೇಕು ಎಂದು ಚಾಚಾ ಕಾಯಿದೆ ಮಾಡಿದ್ದ. ಮಷೀನಿಗೆ ಬೈಯುವ ಬಾಯಿ ಮುಚ್ಚಲಿ ಎಂದು. ಕೌಂಟರಿನಲ್ಲಿ ಕೂತು ಲೆಕ್ಕದ ಪುಸ್ತಕ ಓದುತ್ತಿದ್ದ ಅವನ ಮಗಳು ಆಯೆಶಾ, ಜಾಗ ಖಾಲಿಯಾದಾಗ ಬಂದು ಅಣ್ಣ ಖಾಲಿದನಿಗೆ ನಾಲ್ಕು ಗುಂಡು ಹಾಕಿ ಮತ್ತೆ ಪುಸ್ತಕಕ್ಕೆ ಮರಳುತ್ತಿದ್ದಳು.

ಯಾವ ಕುರ್ಚಿಯಲ್ಲಿ ಕೂತರೂ ಗೆಲ್ಲುವವನು ಅಶ್ವಜಿತನೊಬ್ಬನೇ. ಎಕಂಬಾದಿಂದ ಬಂದು ಹಾಸ್ಟೆಲಿನಲ್ಲಿದ್ದ. ಮಾತು ಕಡಿಮೆ, ಕೈ ಎಂದರೆ ಕೈ! ಮೌಸಿನ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದಾನೆ ಅನ್ನಿಸಬೇಕು, ಅಷ್ಟರಲ್ಲಿ ಇಬ್ಬರು ಸತ್ತಿರುತ್ತಿದ್ದರು. ಕೈಲಾಶ ಎಲ್ಲರಿಗಿಂತ ದಡ್ಡ ಆಟಗಾರ. ಅವನು ಯಾವ ಕಡೆಗೋ ಆ ಕಡೆ ಸೋತಂತೆ ಎಂದು ಹುಡುಗರು ಅವನ ಮುಂದೆಯೇ ಅನ್ನುತ್ತಿದ್ದರು. ಅಂಥದರಲ್ಲಿ ತಂಡ ಆರಿಸುವ ಪಾಳಿ ಬಂದಾಗಲೆಲ್ಲ ಅಶ್ವಜಿತ ಮೊದಲು ಕೂಗುತ್ತಿದ್ದ ಹೆಸರು ಕೈಲಾಶನದು. ಯಾಕೆ ಎಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಹದಿನೆಂಟರ ಹುಡುಗನಿಗೆ ಹತ್ತು ಜನರ ಮುಂದೆ ತನ್ನ ಹೆಸರು ಮೊದಲು ಕೇಳಿಸಿದ್ದು ಮರೆಯುವಂಥದ್ದಲ್ಲ, ಕೈಲಾಶ ಮರೆತೂ ಇರಲಿಲ್ಲ.

ಎಲ್ಲರ ಕೈಗೆ ಮೊಬೈಲು ಬಂತು, ಕೆಫೆ ಮುಚ್ಚಿತು. ಚಾಚಾ ತೀರಿಹೋಗಿ ಐದು ವರ್ಷವಾಯಿತು. ಆ ಮಯ್ಯತ್ತಿಗೆ ಸೇರಿದ್ದಾಗಲೇ ನಾಲ್ವರೂ ಅಳುತ್ತಳುತ್ತ ಮಾತಾಡಿಕೊಂಡು ಈ ಭಾನುವಾರದ ಆಟ ಶುರು ಮಾಡಿದ್ದು. ಅಣ್ಣ ತಂಗಿಯನ್ನು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡಿದ್ದೂ ಅದೇ ಕೊನೆ. ಆಮೇಲೆ ಬರೀ ದನಿ.

ಮಾತು ಫೋನಿನ ಗುಂಪಿಗೆ ಬಂತು. ಈಗ ಕಾಲೇಜಿನಲ್ಲಿ ಗಣಿತ ಹೇಳುವ ಆಯೆಶಾ ಲೆಕ್ಕ ಬಿಡಿಸಿದಳು: ಉಳಿಯುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎಂಟು ಪಾಲು, ಅಷ್ಟರಲ್ಲಿ ಅಣ್ಣನ ಮೂಗಿಗೆ ತುರಿಕೆಯೂ ಏಳುವುದಿಲ್ಲ, ಆದರೂ ನ್ಯಾಯ ನ್ಯಾಯವೇ, ಮಾಡಿಬಿಡಿ. ಖಾಲಿದ ಕುಣಿದಾಡಿದ. ಅಶ್ವಜಿತ ಎರಡೇ ಮಾತು ಬರೆದ. ‘ಮಾಡ್ರಿ. ಲಗೂ ಮಾಡ್ರಿ.’

ಕೈಲಾಶ ಅದನ್ನು ನಾಲ್ಕು ಸಲ ಓದಿದ. ಇದು ಮರ್ಯಾದೆಗೆ ಅಂದ ಮಾತು, ತನ್ನಿಂದ ಉಳಿದವರಿಗೆ ತೊಂದರೆ ಬೇಡ ಎಂದು ಬರೆದದ್ದು ಎಂದು ಅವನಿಗೆ ಅನ್ನಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನೊಂದು ಉಪಾಯ ಮಾಡಿದ. ನೂರಾ ಇಪ್ಪತ್ತೆಂಟು ಮಾಡಿದ್ದೇನೆ ಎಂದು ಗುಂಪಿಗೆ ಬರೆದ, ಸರ್ವರನ್ನು ಮುಟ್ಟಲೇ ಇಲ್ಲ.

ಮುಂದಿನ ಭಾನುವಾರ ಖಾಲಿದನ ಸಂತೋಷ ನೋಡಬೇಕಿತ್ತು! ಬೆಣ್ಣೆಯಂಗ ಓಡ್ಲಿಕತ್ತದ, ಈಗ ನೋಡ್ರಿ ಆಟ ಅಂದ್ರ ಆಟ ಎಂದು ಗಂಟೆಗಟ್ಟಲೆ ಹೊಗಳಿದ. ಗೋಡೆಯ ಹಿಂದೆ ಸತ್ತಾಗ ಕೂಡ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಆಯೆಶಾ ಮಾತ್ರ ತನಗೇನೂ ಫರಕು ಕಾಣುತ್ತಿಲ್ಲ ಎಂದಳು. ಕೈಲಾಶ ಮೈಕು ಮುಚ್ಚಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಶ್ವಜಿತನೂ ಆಟ ಬಿಡಲಿಲ್ಲವಲ್ಲ, ಕೆಲಸ ಗೆದ್ದಿತು ಎಂದುಕೊಂಡ.

ಅಶ್ವಜಿತ ಅಂದು ಮೂರು ಅಂಕ ಗಳಿಸಿದ, ಎರಡನೆಯ ವಾರ ಎರಡು. ಮೂರನೆಯ ವಾರ ಆಟದ ನಡುವೆ ಒಂದೂ ಮಾತಾಡಲಿಲ್ಲ. ಬುಧವಾರ ಗುಂಪಿನಲ್ಲಿ ಅವನ ಸುದ್ದಿ ಬಂತು: ‘ನನಗ ಇನ್ನ ಆಗಂಗಿಲ್ಲ. ನೀವು ಆಡ್ರಿ.’ ಫೋನು ಮಾಡಿದರೆ ಎತ್ತಲಿಲ್ಲ.

ಕೈಲಾಶನಿಗೆ ಅನ್ನ ಇಳಿಯಲಿಲ್ಲ. ಯಾವುದಕ್ಕೆ ಹೆದರಿ ಸುಳ್ಳು ಹೇಳಿದ್ದನೋ ಅದೇ ಎದುರು ಬಂದು ಕೂತಿತ್ತು. ಭಾನುವಾರ ಎದ್ದವನೇ ಗಾಡಿ ತೆಗೆದ. ಭಾಲ್ಕಿಯಿಂದ ಎಕಂಬಾ ಏನು ಕಾಶಿಯೇ? ಇಕ್ಕೆಲಕ್ಕೂ ತೊಗರಿ ಹೂವು ಬಿಟ್ಟಿತ್ತು. ಸೋಯಾ ಕೊಯ್ದ ಹೊಲಗಳು ಬಯಲಾಗಿದ್ದವು. ಬರಬೇಕೆಂದಿದ್ದರೆ ಯಾವತ್ತೋ ಬರಬಹುದಿತ್ತು ಎಂದು ಯೋಚಿಸುತ್ತಲೇ ಅವನು ಊರು ಮುಟ್ಟಿದ.

ಬಾಗಿಲು ತೆಗೆದವಳು ಅಶ್ವಜಿತನ ಹೆಂಡತಿ ಆಮ್ರಪಾಲಿ. ಇಷ್ಟು ದಿನ ನಿಮ್ಮ ದನಿಯಷ್ಟೇ ಕೇಳಿದ್ದೆ ಎಂದು ನಗುತ್ತ ಒಳಗೆ ಕರೆದಳು, ಗಂಡ ಹಿತ್ತಲಲ್ಲಿದ್ದಾನೆ ಎಂದು ಹೇಳಿ ನೀರು ತರಲು ಹೋದಳು. ಕೈಲಾಶ ಕೋಣೆ ನೋಡಿದ. ಬಾಬಾಸಾಹೇಬರ ಫೋಟೋದ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಗೋಡೆಗೆ ಫೈಬರ್ ನೆಟ್ಟಿನ ಡಬ್ಬಿ, ಹಸಿರು ದೀಪ ಹೊತ್ತಿಸಿಕೊಂಡು. ಅದನ್ನು ನೋಡಿಯೇ ಅವನಿಗೆ ಇರುಸುಮುರುಸಾಯಿತು. ಆಮೇಲೆ ಕಂಡದ್ದು ಮೌಸು. ಅದು ಕೀಬೋರ್ಡಿನ ಎಡಗಡೆ ಇತ್ತು.

ಅಶ್ವಜಿತ ಒಳಗೆ ಬಂದ. ಬಲಗೈಗೆ ಟವೆಲು ಸುತ್ತಿಕೊಂಡಿದ್ದ. ಕೈಲಾಶ ಕೈ ಚಾಚಿದರೆ ಎಡಗೈ ಕೊಟ್ಟ. ಆಮೇಲೆ ತಾನೇ ಟವೆಲು ಬಿಚ್ಚಿ ತೋರಿಸಿದ. ತೋರುಬೆರಳೂ ಇಲ್ಲ, ನಡುಬೆರಳೂ ಇಲ್ಲ. ಎರಡು ವರ್ಷದ ಹಿಂದೆ ಸೋಯಾ ರಾಶಿ ಮಾಡುವಾಗ ಅಂಗಿಯ ತೋಳು ಮಷೀನಿಗೆ ಸಿಕ್ಕಿತ್ತಂತೆ.

ಆ ಬೆರಳುಗಳನ್ನು ಕೈಲಾಶ ಎಷ್ಟು ಸಲ ನೋಡುತ್ತ ಕೂತಿದ್ದನೋ! ನಮಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಹೇಳಿದ್ರ ನೀವು ಆಟ ಬಿಟ್ಟುಕೊಡ್ತಿದ್ರಿ. ಖಾಲಿದನ ಎದುರ ಹೋಗಿ ನಿಂತ್ರೂ ಅಂವ ಹೊಡೀತಿರಲಿಲ್ಲ. ಅದೇನ್ ಆಟ ಆಗ್ತದಾ?” ಎಂದ ಅಶ್ವಜಿತ. ನೆಟ್ ಸರಿ ಇಲ್ಲ ಎಂದರೆ ಎಲ್ಲರೂ ನಂಬುತ್ತಾರೆ, ಯಾರೂ ಮರುಗುವುದಿಲ್ಲ. ಎಡಗೈಗೆ ಆಟ ಕಲಿಸಲು ಆರು ತಿಂಗಳು ಹಿಡಿಯಿತು, ಒಬ್ಬನೇ ಕೂತು ಕಲಿತೆ ಎಂದ. ಗುರಿ ಬರುತ್ತಿತ್ತು, ಒಂದು ಕೂದಲೆಳೆ ತಡವಾಗುತ್ತಿತ್ತು. ಖಾಲಿದ ಹಟ ಹಿಡಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ತಾನೇ ಎಂದ.

“ನನ್ನ ಕೈ ಅಂತೂ ನಿಧಾನ ಆಗ್ಯಾದ. ಸರ್ವರರೆ ಚುರುಕ ಇದ್ರ ನಂದೂ ನಾಕು ಗುಂಡು ಹತ್ತತಾವ ಅಂತ ಆಸಿ ಇತ್ತು. ನೀ ಮಾಡಿದಿ. ಮೂರು ವಾರ ಆಡಿದೆ. ಏನೂ ಆಗಲಿಲ್ಲ. ಅಂದ್ರ ತಪ್ಪು ಸರ್ವರಿಂದು ಅಲ್ಲ, ಈ ಕೈಯದು. ತಿಳೀತು, ಬಿಟ್ಟೆ.”

ಕೈಲಾಶ ತಲೆ ಎತ್ತಲಿಲ್ಲ. ಸುಮ್ಮನೆ ಮನೆಗೆ ಹೋಗಿ, ಯಾರಿಗೂ ತಿಳಿಯದಂತೆ ಅಂಕಿ ಬದಲಿಸಿಬಿಟ್ಟರೆ? ಇನ್ನೊಂದು ವಾರ ಆಡು ಎಂದು ಗೆಳೆಯನ ಕಾಲು ಹಿಡಿದರಾಯಿತು. ಆದರೆ ಎದುರಿಗೆ ಕೂತವನು ತನ್ನ ಕೈಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ. ಇನ್ನೂ ಸುಳ್ಳು ಹೇಳಿದರೆ ತಾನು ಮನುಷ್ಯನೇ ಅಲ್ಲ ಎನ್ನಿಸಿತು ಕೈಲಾಶನಿಗೆ.

“ಅಶ್ವಜಿತ, ನಾ ಅದನ್ನ ಮಾಡೇ ಇಲ್ಲೋ. ಇನ್ನೂ ಅರವತ್ನಾಕೇ ಅದ.”

ಯಾಕೆ ಎಂದ ಅಶ್ವಜಿತ. ನಿನ್ನ ನೆಟ್ಟು ತಡೆಯುವುದಿಲ್ಲ, ನೀನು ಬಿಟ್ಟು ಹೋಗುತ್ತೀ ಎಂದುಕೊಂಡೆ ಎಂದು ಕೈಲಾಶ ತೊದಲಿದ. ಅಶ್ವಜಿತ ಗೋಡೆಯ ಡಬ್ಬಿಯ ಕಡೆ ನೋಡಿದ. ಫೈಬರ್ ಬಂದು ಒಂದೂವರೆ ವರ್ಷವಾಗಿದೆ, ಎಕಂಬಾ ಎಂದರೆ ನಿಮ್ಮ ತಲೆಯಲ್ಲಿ ಇನ್ನೂ ಮಾಳಿಗೆ ಹತ್ತಿ ಸಿಗ್ನಲ್ ಹುಡುಕುವ ಊರೇ, ಅಲ್ಲವೇ ಎಂದು ಕೇಳಿದ. ದನಿ ಏರಿಸಲಿಲ್ಲ. ಆಮೇಲೆ ಆಡಿದ ಮಾತಿಗೆ ಮಾತ್ರ ಅವನ ದನಿ ಒಡೆಯಿತು.

“ಮೂರು ವಾರ ನಾ ಈ ಕೈಗೆ ಬೈದೇನಿ ಲೇ.”

ಕೈಲಾಶ ಅತ್ತುಬಿಟ್ಟ. ಮೂವತ್ತೈದರ ಗಂಡಸು, ಗೆಳೆಯನ ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ ಎಂಬುದನ್ನೂ ನೋಡದೆ ಅತ್ತ. ಅಶ್ವಜಿತ ಅವನನ್ನು ಸಮಾಧಾನ ಮಾಡಲಿಲ್ಲ. ಕೈಯ ಸುದ್ದಿ ನಾ ಮುಚ್ಚಿಟ್ಟೆ, ಅಂಕಿಯದು ನೀ ಮುಚ್ಚಿಟ್ಟಿ, ಇಬ್ಬರೂ ಕಳ್ಳರೇ ಎಂದ. ಕುರ್ಚಿಯನ್ನು ಅವನ ಕಡೆ ನೂಕಿದ.

“ಈಗ ಮಾಡು. ನನ್ನ ಕಣ್ಣ ಮುಂದ ಮಾಡು.”

ಕೈಲಾಶ ಕಣ್ಣೊರೆಸಿಕೊಂಡು ಅಂಕಿ ಬದಲಿಸಿದ. ಹತ್ತು ಹೊಡೆದಿತ್ತು, ಖಾಲಿದನೂ ಆಯೆಶಾಳೂ ಆಗಲೇ ಬಂದು ಕಾಯುತ್ತಿದ್ದರು. ಅಶ್ವಜಿತ ಕೂತ. ಕೈಲಾಶ ಆಡಲಿಲ್ಲ, ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಆ ಎಡಗೈಯನ್ನೇ ನೋಡಿದ. ಅದು ಹಳೆಯ ಕೈಯಲ್ಲ. ಬಿಗಿಯಾಗಿತ್ತು, ಬೆವರುತ್ತಿತ್ತು, ಹಟ ಮಾಡುತ್ತಿತ್ತು. ಮೊದಲು ನಾಲ್ಕು ಸಲ ಸತ್ತ. ಐದನೆಯ ಸಲ ಖಾಲಿದ ಗೋಡೆಯ ಅಂಚಿಗೆ ಬಂದ, ಅಶ್ವಜಿತ ಹೊಡೆದ, ಖಾಲಿದ ಬಿದ್ದ. ಮತ್ತೆ ಬಂದ, ಮತ್ತೆ ಬಿದ್ದ. ಇದು ಆಯೆಶಾ ಹೇಳಿದ ಆ ಎಂಟು ಪಾಲಿನ ಮಹಿಮೆಯೋ, ಮೂರು ವಾರದ ಸಿಟ್ಟಿನದೋ, ದೇವರೇ ಬಲ್ಲ. ಕೈಲಾಶನಿಗೆ ತಿಳಿಯುವುದು ಬೇಕಾಗಿರಲಿಲ್ಲ.

ಹೆಡ್‌ಫೋನಿನಲ್ಲಿ ಖಾಲಿದ ಬೆರಗಾಗಿ, ಇವತ್ತು ನೆಟ್ ಬದಲಿಸಿದ್ದೀಯೇನೋ ಎಂದು ಕೇಳಿದ. ಅಶ್ವಜಿತ ಕೈಲಾಶನ ಮುಖ ನೋಡಿದ. ಮೈಕು ಬಾಯಿಯ ಹತ್ತಿರ ಎಳೆದುಕೊಂಡ.

“ನೆಟ್ ಅಲ್ಲೋ ಖಾಲಿದ. ಕೈ ಬದಲ್ ಮಾಡೇನಿ.”

ಹಾಗಂದು, ರಾಶಿ ಮಷೀನಿನ ಕತೆಯನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸಿದ. ಆಯೆಶಾ ಯಾ ಅಲ್ಲಾ ಎಂದದ್ದು ಮೆಲ್ಲಗೆ ಕೇಳಿಸಿತು. ಕೈಲಾಶ ಪಕ್ಕದಿಂದ ಬಾಗಿ ತನ್ನ ಕಳ್ಳತನವನ್ನೂ ಒಪ್ಪಿಕೊಂಡ. ಬೈಸಿಕೊಳ್ಳಲು ತಯಾರಾಗಿಯೇ ಇದ್ದ, ಆದರೆ ಖಾಲಿದನಿಗೆ ಬೈಯುವ ಲಕ್ಷ್ಯವೇ ಇರಲಿಲ್ಲ. ಆಮೇಲೆ ಅವನ ದನಿ ಬಂತು. ಮೂಗು ಕಟ್ಟಿದವನ ದನಿ.

“ಹಂಗಂದ್ರ ಇಷ್ಟೊತ್ತು ಎಡಗೈಲೇ ಹೊಡದೆ ನನಗ?”

“ಹೂಂ.”

“ಇನ್ನೊಂದ್ ಆಟ ಹಚ್ಚು. ನಿನ್ನ ಬಿಡಂಗಿಲ್ಲ ನಾ.”

ಆಟ ಹತ್ತಿತು. ಒಂದು ನಿಮಿಷವೂ ಆಗಿರಲಿಲ್ಲ, ಖಾಲಿದ ಹಿಂದಿನಿಂದ ಬಂದು, ಮರುಕವಿಲ್ಲದೆ, ಅಶ್ವಜಿತನ ತಲೆಗೇ ಹೊಡೆದ. ಸತ್ತ ಅಶ್ವಜಿತ ಕುರ್ಚಿಗೆ ಒರಗಿ ಗಟ್ಟಿಯಾಗಿ ನಕ್ಕ. ಅಡುಗೆಮನೆಯಿಂದ ಆಮ್ರಪಾಲಿ ಓಡಿ ಬಂದು, ಇವರು ಹೀಗೆ ನಕ್ಕು ಎರಡು ವರ್ಷವಾಯಿತು ಅಣ್ಣಾ ಎಂದಳು.