ಘಾಟಬೋರಾಳದ ಗೂಟ

ಸಿದ್ದಪ್ಪನ ಮಂಡಿ ಎಂಟು ದಿನದಿಂದ ಅವನ ಮಾತು ಕೇಳುತ್ತಿರಲಿಲ್ಲ. 1986ರ ಬೇಸಿಗೆ. ಮುಡಬಿ, ಮಂಠಾಳದ ದಿಬ್ಬಗಳನ್ನೆಲ್ಲ ಹತ್ತಿ ಇಳಿದು, ಕಡೆಯದೆಂದು ಘಾಟಬೋರಾಳಕ್ಕೆ ಬಂದಿದ್ದ. ಪೊಲೀಸು, ವಿದ್ಯುತ್ತು, ನೀರಾವರಿ, ಎಲ್ಲರೂ ಇರುವ ನಾಲ್ಕೇ ಚಾನಲ್ಲು ಹಂಚಿಕೊಂಡು ಮಾತಾಡುವ ಹೊಸ ರೇಡಿಯೊ ಬರುತ್ತದಂತೆ. ಅದರ ಟವರುಗಳು ಎಲ್ಲೆಲ್ಲಿ ನಿಲ್ಲಬೇಕೆಂದು ಗುರುತು ಮಾಡುವುದು ಈ ಮುದುಕ ಸರ್ವೆಯವನ ಕೆಲಸ. ಫ್ಯಾನಿನ ಕೆಳಗೆ ಕೂತ ಸಾಹೇಬರಿಗೇನು, ನಕ್ಷೆಯ ಮೇಲೆ ಬೆರಳಿಟ್ಟರೆ ಮುಗಿಯಿತು! ಸವೆಯುವ ಕಾಲು ಇವನದು.

ಹುಮನಾಬಾದಿನ ಹಳೇ ಟವರಿನಿಂದಲೂ ಬಸವಕಲ್ಯಾಣದ ಟವರಿನಿಂದಲೂ ಆಳುಗಳು ಕನ್ನಡಿ ಹೊಳೆಸುತ್ತಾರೆ. ಎರಡೂ ಹೊಳಪು ದಿಕ್ಸೂಚಿಯಲ್ಲಿ ಕಚೇರಿ ಬರೆದುಕೊಟ್ಟ ಡಿಗ್ರಿಗೇ ಕಂಡ ಜಾಗದಲ್ಲಿ ಗೂಟ ಹೊಡೆಯಬೇಕು. ನಿನ್ನೆ ಹಾಗೆ ಹೊಡೆದ ಗೂಟ ಸುಂದರಬಾಯಿಯ ಹೊಲದ ನಟ್ಟನಡುವೆ ಬಿದ್ದಿತ್ತು.

ಬೆಳಿಗ್ಗೆ ಬಂದು ನೋಡಿದರೆ ಆಕೆ ಗೂಟದ ಪಕ್ಕದಲ್ಲೇ ಕೂತಿದ್ದಳು.

"ಮೂವತ್ತು ವರ್ಷ ಮಂದಿ ಹೊಲದಾಗ ಕಳಿ ತೆಗ್ದು ಈ ತುಂಡು ಮಾಡ್ಕೊಂಡೀನ್ರಿ. ಇದನ್ನೂ ಕಸ್ಕೊಂಡ್ರ ನಾ ಎಲ್ಲಿ ಹೋಗ್ಲಿ?"

"ನಾ ಏನ್ ಮಾಡ್ಲವ್ವ? ದಿಕ್ಸೂಚಿ ಮುಳ್ಳು ತೋರ್ಸಿದ್ದೇ ಇಲ್ಲಿ," ಎಂದ ಸಿದ್ದಪ್ಪ. ಹೇಳಿ ಹೇಳಿ ಅವನಿಗೇ ಬೇಸರ ಬಂದ ಮಾತದು.

ಪಕ್ಕದ ಹೊಲದ ಭೀಮಶಾ ನಡುವೆ ಬಾಯಿ ಹಾಕಿದ. ನಿನ್ನೆ ಸಿದ್ದಪ್ಪ ಕುಂಟುವುದನ್ನು ನೋಡಲಾರದೆ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಇಲ್ಲಿಗೆ ತಂದವನು ಅವನೇ. "ಇನ್ನೊಮ್ಮಿ ನೋಡ್ರಿ ಸಾಹೇಬ್ರ. ಬೇಕಂದ್ರ ನಿನ್ನಿನಂಗೇ ಗಾಡಿಗಿ ಒರಗಿ ನೋಡ್ರಿ."

ಸಿದ್ದಪ್ಪ ಪಕ್ಕದಲ್ಲೇ ನಿಂತಿದ್ದ ಗಾಡಿಯತ್ತ ಕುಂಟುತ್ತ ಹೋದ. ದಿಕ್ಸೂಚಿಯನ್ನು ಗಾಡಿಯ ಗಾಲಿಯ ಹತ್ತಿರ ಹಿಡಿದ. ಗಾಲಿಯ ಕಬ್ಬಿಣದ ಪಟ್ಟಿಗೆ ಮುಳ್ಳು ಸರಕ್ಕನೆ ವಾಲಿತು. ಅಯ್ಯೋ ಶಿವನೇ! ಕಬ್ಬಿಣದ ಹತ್ತಿರ ನಿಂತು ಡಿಗ್ರಿ ನೋಡಿದರೆಂದು ಎಷ್ಟು ಜನರನ್ನು ಬೈದಿದ್ದನೋ, ಈಗ ತಾನೇ ಮಂಡಿನೋವಿಗೆ ಗಾಲಿಗೊರಗಿ ಅದೇ ಮಾಡಿದ್ದ. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಜೆಯ ಬಸ್ಸು ಸಿಗುತ್ತಿತ್ತು. ಅವನಿಗೆ ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು.

"ತಪ್ಪು ನಂದೇ ಅದವ್ವ," ಎಂದು ಗೂಟ ಕಿತ್ತ.

ಸುಂದರಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೂಟ, ಮರದ ಸುತ್ತಿಗೆ ಹೊತ್ತು ಭೀಮಶಾ ಸಿದ್ದಪ್ಪನ ಜೊತೆಗೆ ನಡೆದ; ಹಿಂದೆ ಸುಂದರಬಾಯಿಯೂ ಬಂದಳು. ಹೊತ್ತು ನೆತ್ತಿಗೆ ಬರುವವರೆಗೆ ಸಿದ್ದಪ್ಪ ಕಾಲೆಳೆಯುತ್ತ ಹೆಜ್ಜೆ ಹೆಜ್ಜೆಗೂ ನಿಂತು ನೋಡಿದ. ಕೊನೆಗೆ ಎರಡೂ ಹೊಳಪು ಸರಿಯಾಗಿ ಕೂತವು. ಕೆಳಗೆ ನೋಡಿದರೆ ಕೊಯ್ದ ಜೋಳದ ಕೂಳೆ. ಬದು ದಾಟಿ ಭೀಮಶಾನ ಹೊಲಕ್ಕೆ ಬಂದಿದ್ದರು.

ಭೀಮಶಾ ಗೂಟ, ಸುತ್ತಿಗೆ ಕೆಳಗಿಟ್ಟ.

"ಇಲ್ಲೇ ಏನ್ರಿ?" ಎಂದ.

"ಇಲ್ಲೇ."

"ಹೊಡೀರಿ ಮತ್ತ. ನಂದು ಕೆರಿ ಕಡಿ ಇನ್ನೊಂದು ತುಂಡು ಅದ." ತಾನೇ ಬಗ್ಗಿ ಗೂಟ ಹಿಡಿದ.

ಸಿದ್ದಪ್ಪನಿಗೆ ಜೀವ ಬಂದಂತಾಯಿತು. ಸುತ್ತಿಗೆ ಎತ್ತಿದ.

ಸುಂದರಬಾಯಿ ಮುಂದೆ ಬಂದು ಅವನ ಸುತ್ತಿಗೆಯ ಕೈ ಹಿಡಿದಳು. "ಸುಳ್ಳು ಹೇಳಾಕತ್ತಾನ್ರಿ. ಅವಂದು ಇಷ್ಟೇ ಅದ."