ನಮ್ಮನೆಯ ಗ್ಯಾಸ್ಟ್ರಿಕ್

ನಮ್ಮವ್ವ ಸುನಂದಮ್ಮನ ಪ್ರಕಾರ ಮನುಷ್ಯರಿಗೆ ಬರುವುದು ಒಂದೇ ಕಾಯಿಲೆ, ಗ್ಯಾಸ್ಟ್ರಿಕ್. ಎದೆ ಹಿಡಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ನನ್ನ ತಮ್ಮ ಶಶಿಕುಮಾರ ಕಾಲೇಜಿಗೆ ಹೋಗುವುದನ್ನು ಬಿಟ್ಟು, ತಟ್ಟೆಯಲ್ಲಿನ ಮುದ್ದೆಯನ್ನು ಮುರಿದು ಮುರಿದು ಹಾಗೇ ಎದ್ದು, ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮುಂದೆ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದಾಗಲೂ ಊರಿಗೆಲ್ಲ ಅವಳು ಹೇಳಿದ್ದು ಅದನ್ನೇ. ರಾವಂದೂರಿನ ಜನ ಒಳ್ಳೆಯವರು. ಒಬ್ಬರು ಜೀರಿಗೆ ಕಷಾಯ ಕಾಯಿಸಿ ತಂದರು, ಇನ್ನೊಬ್ಬರು ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿಸಿದರು, ಎದುರುಮನೆ ಚೆಲುವಮ್ಮ ಬಂದು ಅವನ ಹೊಟ್ಟೆಗೆ ಹರಳೆಣ್ಣೆ ಹಚ್ಚಿ ನೀವಿ ಹೋದಳು. ಅವನು ಯಾರಿಗೂ ಬೇಡ ಅನ್ನಲಿಲ್ಲ.

ನನಗೆ ಮಾತ್ರ ಗೊತ್ತಿತ್ತು. ಒಂದು ದಿನ ಹೊಗೆಸೊಪ್ಪಿನ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದಾಗ ಸಾಲಿನ ಮಧ್ಯೆ ನಿಂತು, ನನ್ನ ಮುಖ ನೋಡದೆ, "ಅಕ್ಕ, ನಂಗೆ ಬದುಕ್ಬೇಕು ಅಂತ್ಲೇ ಅನ್ನಿಸ್ತಿಲ್ಲ ಕಣೆ" ಅಂದ. ಗೊಬ್ಬರದ ಪುಟ್ಟಿ ಕೆಳಗೆ ಹಾಕಿ ಅವನ ತೋಳು ಹಿಡಿದುಕೊಂಡೆ. "ಲೇ, ಇನ್ನೊಂದ್ಸಲ ಇಂಗಂದ್ರೆ ಹಲ್ಲುದುರಿಸ್ಬುಡ್ತೀನಿ" ಅಂದೆ. ನನ್ನ ಬಾಯೇ ಹಾಗೆ, ಹೆದರಿಕೆ ಆದರೂ ಬೈಗುಳವೇ ಬರುತ್ತದೆ. ಅವತ್ತು ಸಂಜೆಯೇ ಅಪ್ಪ ಅವ್ವ ಇಬ್ಬರನ್ನೂ ಕೂರಿಸಿ, ಇವನನ್ನು ಮನಸ್ಸಿನ ಡಾಕ್ಟರಿಗೆ ತೋರಿಸುವವರೆಗೆ ಈ ಮನೆಯಲ್ಲಿ ನಾನು ಒಲೆ ಹಚ್ಚುವುದಿಲ್ಲ ಅಂತ ಹಟ ಹಿಡಿದೆ. ಅಪ್ಪ ತಲೆ ಕೆರೆದುಕೊಂಡು, ಅವ್ವ ಹೇಳಿದ ಹಾಗೆ ಮಾಡಿ ಅಂದು ಹೊರಗೆ ಹೋಗಿಬಿಟ್ಟ.

ಮನಸ್ಸಿನ ಡಾಕ್ಟರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುತ್ತಾರೆ. ನಮಗೆ ಹತ್ತಿರ ಪಿರಿಯಾಪಟ್ಟಣ. ಅವ್ವ ಸುತರಾಂ ಒಪ್ಪಲಿಲ್ಲ. ಅಲ್ಲಿ ಮಾತ್ರೆ ಕೊಡುವವನು ನಮ್ಮೂರಿನ ಅಳಿಯನಂತೆ, ಗೇಟಿನ ಹತ್ತಿರ ಹೂ ಮಾರುವವಳು ನಮ್ಮ ಚಿಕ್ಕಮ್ಮನ ನಾದಿನಿಯಂತೆ.

"ಕೆ.ಆರ್. ನಗರುಕ್ಕೆ ಓಗಮ. ಅಲ್ಲಿ ನಮ್ಮನ್ನ ಯಾರು ಬಲ್ಲೋರು? ನಮ್ಗೆ ಎಂಗೂ ಬಸ್ಸು ಫ್ರೀ. ಮಂಗಳವಾರ ಅಂದ್ರೆ ನೆಂಟ್ರುಪಂಟ್ರೂ ತಿರುಗಾಡಾಕಿಲ್ಲ" ಅಂದಳು.

ಹಾಗೆ ಒಂದು ಸಲ ಹೋಗಿ ಬಂದೆವು. ಡಾಕ್ಟರು ಶಶಿಯೊಬ್ಬನ ಜೊತೆಯೇ ಮಾತಾಡಬೇಕು ಅಂದರೆ ಅವ್ವ ಕುರ್ಚಿ ಬಿಟ್ಟು ಏಳಲೇ ಇಲ್ಲ. "ಅವನ್ಗೆ ಮಾತಾಡಕ್ಕೆ ಬರಾಕಿಲ್ಲ ಸಾರ್, ನಾನೇ ಏಳ್ತೀನಿ" ಅಂತ ಅಲ್ಲೂ ಗ್ಯಾಸ್ಟ್ರಿಕ್ಕಿನಿಂದಲೇ ಶುರು ಮಾಡಿದಳು. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಮಾತ್ರೆ ಬರೆದುಕೊಟ್ಟು, ಮಧ್ಯದಲ್ಲಿ ನಿಲ್ಲಿಸಬೇಡಿ, ಮುಗಿಯುವ ಮೊದಲೇ ಬನ್ನಿ ಅಂದರು. ಮಾತ್ರೆ ಶುರುವಾದ ಮೇಲೆ ಅವನು ಅಷ್ಟೋ ಇಷ್ಟೋ ಮಲಗಿದ. ಒಂದು ದಿನ ಇನ್ನೊಂದು ಸೌಟು ಸಾರು ಹಾಕು ಅಂದ. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಮತ್ತೆ ಹೋಗಬೇಕಾದ ಮಂಗಳವಾರದ ಹೊತ್ತಿಗೆ ನನ್ನದೊಂದು ಅಡ್ಡ ಬಂತು. ಮಾರನೇ ದಿನ ಹುಣಸೂರು ತಾಲ್ಲೂಕಿನ ಗಾವಡಗೆರೆಯಿಂದ ಗಂಡಿನ ಕಡೆಯವರು ನನಗೆ ಹೂ ಮುಡಿಸಲು ಬರುವವರಿದ್ದರು. ಮನೆ ತೊಳೆಯಬೇಕು, ಕಜ್ಜಾಯ ಸುಡಬೇಕು, ಆಸ್ಪತ್ರೆ ಎಲ್ಲಿಗೆ ಓಡಿಹೋಗುತ್ತದೆ ಅಂತ ಅವ್ವ ಮುಂದಕ್ಕೆ ಹಾಕಿದಳು. ಅವರು ಬಂದರು, ಹೂ ಮುಡಿಸಿದರು, ಉಂಡು ಹೋದರು. ಹುಡುಗ ಧರ್ಮೇಂದ್ರ, ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಾಫಿ ಕೊಡುವಾಗ ಮೆಲ್ಲಗೆ, "ಸಕ್ಕರೆ ಹಾಕೋದ್ನ ಮರ್ತಿದ್ದೀರ, ಪರ್ವಾಗಿಲ್ಲ, ನಿಮ್ಮವ್ವಂಗೆ ಏಳಲ್ಲ" ಅಂದ. ಅವನು ನನಗೆ ಇಷ್ಟವಾದ. ಮುಚ್ಚಿಡುವುದೇನು, ತುಂಬಾ ಇಷ್ಟವಾದ. ಅವರು ಹೋದ ಮೇಲೆ ನೋಡಿದರೆ ಶಶಿಯ ಮಾತ್ರೆ ಖಾಲಿಯಾಗಿತ್ತು, ಅವನು ಮತ್ತೆ ಜಗಲಿಯ ಮುಂದೆ ತಿರುಗುತ್ತಿದ್ದ. ಈ ಸಲ ಓಡಾಟ ಇನ್ನೂ ಜೋರಾಗಿತ್ತು.

ಆದ್ದರಿಂದ ಈ ಮಂಗಳವಾರ ನಾನು ಕೆ.ಆರ್. ನಗರದ ಮೊದಲ ಬಸ್ಸಿಗೇ ಅವ್ವ, ಶಶಿ ಇಬ್ಬರನ್ನೂ ಹತ್ತಿಸಿದೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಡಾಕ್ಟರ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆವು. ಶಶಿಯ ಕಾಲು ನಿಲ್ಲದೆ ಅಲುಗುತ್ತಿತ್ತು, ಬೆಂಚು ಪೂರ್ತಿ ನಡುಗುತ್ತಿತ್ತು. ಅವ್ವ ಬ್ಯಾಗಿನ ಜಿಪ್ಪು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು. ನನಗೂ ಕೂರಲಾಗಲಿಲ್ಲ. ಎದ್ದು ನಿಂತವಳು ಗೇಟಿನ ಕಡೆ ನೋಡಿದರೆ, ನನ್ನ ಅತ್ತೆಯಾಗಬೇಕಾದ ಭಾಗ್ಯಮ್ಮ ಬರುತ್ತಿದ್ದಾರೆ! ಜೊತೆಯಲ್ಲಿ ಅವರ ಮಗಳು ರಾಧಾ, ತಲೆ ಮೇಲೆ ದುಪಟ್ಟಾ. ಹೂ ಮುಡಿಸುವ ದಿನ ಪರೀಕ್ಷೆ ಇದೆ ಅಂತ ಊರಲ್ಲೇ ಬಿಟ್ಟುಬಂದಿದ್ದರಲ್ಲ, ಅದೇ ರಾಧಾ. ಅವಳ ಫೋಟೊ ನೋಡಿದ್ದೆ.

"ಅಯ್ಯೋ ಶಿವನೇ" ಅಂತ ಅವ್ವ ಸೆರಗು ಹೊದ್ದುಕೊಂಡಳು. ಆದರೆ ಅಷ್ಟರಲ್ಲಿ ಅವರೂ ನೋಡಿಬಿಟ್ಟಿದ್ದರು. ತಿರುಗಿ ಹೋಗಲು ಆಗದೆ ಬಂದರು.

"ಓಹೋ, ಬೀಗ್ರು! ಏನ್ ಸುನಂದಮ್ಮೋರೆ, ಇಷ್ಟು ದೂರ?"

"ಅದೇ ಕಣ್ರಕ್ಕ, ನಮ್ ಶಶಿಗೆ ಒಸಿ ಗ್ಯಾಸ್ಟ್ರಿಕ್ಕು."

"ಅಯ್ಯೋ, ನಮ್ ರಾಧಂಗೂ ಅದೇ ಕಣ್ರವ್ವ! ಗ್ಯಾಸ್ಟ್ರಿಕ್ಕು!"

"ಇಲ್ಲಿ ಗ್ಯಾಸ್ಟ್ರಿಕ್ಕಿಗೆ ಬೋ ಚೆನ್ನಾಗಿ ನೋಡ್ತಾರಂತೆ."

"ಊ ಕಣ್ರವ್ವ, ಅದ್ಕೇ ಹುಣಸೂರ್ ಬುಟ್ಟು ಇಲ್ಲೀಗಂಟ ಬಂದೊ."

ಅವರ ತಲೆಯ ಮೇಲೆಯೇ 'ಮಾನಸಿಕ ಆರೋಗ್ಯ ವಿಭಾಗ' ಅಂತ ಇಷ್ಟು ದಪ್ಪಕ್ಷರದಲ್ಲಿ ಬೋರ್ಡಿತ್ತು. ಇಬ್ಬರೂ ಅದಕ್ಕೆ ಬೆನ್ನು ಹಾಕಿ ಕೂತು ಈ ವರ್ಷದ ಶುಂಠಿ ಬೆಳೆಯ ಬಗ್ಗೆ ಮಾತಾಡಿದರು. ನನಗೆ ಒಂದು ಕಡೆ ನಗು, ಒಂದು ಕಡೆ ಮೈಯೆಲ್ಲ ಉರಿ. ಬೇರೆ ತಾಲ್ಲೂಕಿಗೆ ಹೋದರೆ ಯಾರೂ ನೋಡುವುದಿಲ್ಲ ಅನ್ನುವ ಬುದ್ಧಿ ನಮ್ಮವ್ವನೊಬ್ಬಳಿಗೇ ಹೊಳೆದಿದ್ದಲ್ಲ.

ಸಿಸ್ಟರ್ ಬಾಗಿಲಿಗೆ ಬಂದರು. "ರಾಧಾ, ಗಾವಡಗೆರೆ!"

ರಾಧಾ ಏಳಲು ಹೋದಳು. ಭಾಗ್ಯಮ್ಮ ಅವಳ ಮಂಡಿಯ ಮೇಲೆ ಕೈ ಒತ್ತಿ ಫ್ಯಾನು ನೋಡತೊಡಗಿದರು. ಸಿಸ್ಟರ್ ಮತ್ತೊಮ್ಮೆ ಕೂಗಿದರು, ಇನ್ನೊಮ್ಮೆ ಕೂಗಿದರು. "ಇಲ್ವಾ? ಸರಿ, ಬಂದ್ರೆ ಕೊನೇಲಿ ಕಳಿಸ್ತೀನಿ. ಡಾಕ್ಟ್ರು ಊಟದ ಹೊತ್ತಿಗೆ ಹೊರಟ್ಬಿಡ್ತಾರೆ, ಆಮೇಲೆ ಮುಂದಿನ ಮಂಗಳವಾರವೇ" ಅಂದು ಅವಳ ಚೀಟಿಯನ್ನು ಕಟ್ಟಿನ ಕೆಳಗಿಟ್ಟರು.

ಸಿಕ್ಕಿಬಿದ್ದರಲ್ಲ ಅಂತ ನನಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ಆ ಹುಡುಗಿಯ ಕೈ ಕಂಡಿತು. ಉಗುರು ಕಡಿದು ಕಡಿದು ಬೆರಳ ತುದಿಯೆಲ್ಲ ಹಸಿ ಗಾಯ. ನನ್ನ ಖುಷಿ ಅಲ್ಲೇ ಇಂಗಿಹೋಯಿತು.

"ಶಶಿಕುಮಾರ್, ರಾವಂದೂರು!"

ಅವ್ವ ಅವನ ಮಣಿಕಟ್ಟು ಹಿಡಿದಳು. ಭಾಗ್ಯಮ್ಮ ತಿರುಗಿ ನೋಡಿದರು. "ನಮ್ಮೂರಲ್ಲಿ ಬೋ ಜನ ಅವ್ರೆ ಕಣ್ರಕ್ಕ ಶಶಿಕುಮಾರ್‌ಗಳು. ಬೇರೆ ಯಾರೋ ಇರ್ಬೇಕು" ಅಂದಳು ಅವ್ವ, ಏನೂ ಆಗಿಲ್ಲದವಳ ಹಾಗೆ. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ಅವ್ವ, ಕೈ ಬುಡು" ಅಂದೆ. ಅವಳು ತುಟಿ ಅಲುಗಿಸದೆ, "ನಿನ್ ಮದ್ವೆ ಮುರಿದೋಯ್ತದೆ, ಸುಮ್ಕಿರು" ಅಂದಳು. ಸುಳ್ಳಲ್ಲ. ತಮ್ಮನಿಗೆ ತಲೆ ಸರಿಯಿಲ್ಲ ಅಂತ ಒಂದು ಮಾತು ಗಾವಡಗೆರೆಗೆ ಹೋದರೆ ಸಾಕು, ಹೂ ಬಾಡುವುದಕ್ಕೆ ಮುಂಚೆ ಸಂಬಂಧ ಬಾಡುತ್ತದೆ ಅಂತ ನನಗೂ ಗೊತ್ತಿತ್ತು.

ಎರಡನೇ ಸಲ ಕೂಗಿದಾಗ ಶಶಿಯೇ ಅವ್ವನ ಕೈ ಬಿಡಿಸಿಕೊಂಡು ಎದ್ದ. ಸದ್ಯ ಅಂದುಕೊಂಡೆ. ಅವನು ಬಾಗಿಲ ಕಡೆ ಹೋಗಲಿಲ್ಲ, ಗೇಟಿನ ಕಡೆ ಹೊರಟ. ದಡದಡ ಅಂತ ಹಿಂದೆ ಓಡಿ, ಸೈಕಲ್ ಸ್ಟ್ಯಾಂಡಿನ ಹತ್ತಿರ ಹಿಡಿದೆ.

"ಎಲ್ಲಿಗೋ?"

"ಬಸ್ ಸ್ಟ್ಯಾಂಡಿಗೆ. ಬಾರಕ್ಕ, ಓಗಮ."

"ಡಾಕ್ಟ್ರು?"

"ಬ್ಯಾಡ ಕಣಕ್ಕ. ನಿನ್ ಮದ್ವೆ ಒಂದ್ ಆಗೋಗ್ಲಿ. ಅಲ್ಲೀಗಂಟ ಎಂಗೋ ತಡ್ಕತೀನಿ."

"ತಡ್ಕಳಕ್ ಆಯ್ತದೇನೋ ನಿನ್ಗೆ? ನಿಜ ಏಳು."

ಅವನು ಒಂದು ಸೈಕಲ್ಲಿನ ಬೆಲ್ಲನ್ನು ತಿರುಗಿಸುತ್ತಾ ನಿಂತ. ಬಿಸಿಲಲ್ಲಿ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಗೊತ್ತಿಲ್ಲ" ಅಂದ.

ಧರ್ಮೇಂದ್ರ ನೆನಪಾದ, ಸಕ್ಕರೆ ಇಲ್ಲದ ಕಾಫಿ ನೆನಪಾಯಿತು. ಒಳಗಿನಿಂದ ಸಿಸ್ಟರ್ ಮೂರನೇ ಸಲ ಕೂಗಿದ್ದು ಕೇಳಿಸಿತು. ಶಶಿಯ ತೋಳಿಗೆ ಕೈ ಹಾಕಿ, "ನೀನೇ ಇಲ್ದಿದ್ ಮ್ಯಾಲೆ ನಾನ್ ಯಾರ್ ಮುಂದ್ಲಾ ಹಸೆಮಣೆ ಮ್ಯಾಲೆ ಕೂತ್ಕಳ್ಳದು?" ಅಂದೆ. ಅವನು ಬೆಲ್ಲನ್ನು ಬಿಟ್ಟು ನನ್ನ ಜೊತೆ ಬಂದ.

"ಸಿಸ್ಟರ್, ಶಶಿಕುಮಾರ್ ಇಲ್ಲೇ ಅವ್ನೆ!" ಅಂತ ಕೂಗಿದೆ. ನನ್ನ ಗಂಟಲು ಮೊದಲೇ ದೊಡ್ಡದು, ಆ ಹೊತ್ತು ಆಸ್ಪತ್ರೆಗೆಲ್ಲ ಕೇಳಿಸಿರಬೇಕು. ನೇರವಾಗಿ ಭಾಗ್ಯಮ್ಮನ ಮುಂದೆ ನಿಂತೆ. "ಅತ್ತೆ, ನಿಮ್ಗೆ ಸುಳ್ಳೇಳುದ್ವಿ. ಗ್ಯಾಸ್ಟ್ರಿಕ್ಕಲ್ಲ. ಇವನ್ಗೆ ಮನ್ಸು ಚೆನ್ನಾಗಿಲ್ಲ, ಔಷ್ದಿ ಕೊಡಿಸ್ತಾ ಇದ್ದೀವಿ. ನನ್ ತಮ್ಮ ನಂಗೆ ಬೇಕು. ಮಿಕ್ಕಿದ್ದು ನೀವ್ ಎಂಗಂತೀರೋ ಅಂಗೆ." ಹೊಲದಲ್ಲಿ ಅವನು ಹೇಳಿದ ಮಾತನ್ನು ಮಾತ್ರ ಆಡಲಿಲ್ಲ. ಅದು ಅವನು ನನಗೆ ಹೇಳಿದ್ದು.

ಭಾಗ್ಯಮ್ಮನ ಮುಖ ಬಿಗಿಯಿತು. "ಹೂ ಮುಡಿಸೋಕ್ ಮುಂಚೆ ಈ ಮಾತು ಏಳ್ಬಾರ್ದಿತ್ತೇನವ್ವ?" ಅಂದರು.

ನಿಮ್ಮ ಮಗಳ ಪರೀಕ್ಷೆ ಎಂಥದ್ದು ಅಂತ ನೀವು ಹೇಳಿದ್ದಿರಾ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಅಂಥದ್ದನ್ನು ಬಿಟ್ಟುಕೊಡುವವಳಲ್ಲ. ಆದರೆ ರಾಧಾ ದುಪಟ್ಟಾದ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು, ಎಲ್ಲಿ ಹೇಳಿಬಿಡುತ್ತಾಳೋ ಅಂತ ಉಸಿರು ಹಿಡಿದು. ನುಂಗಿಕೊಂಡೆ. ಭಾಗ್ಯಮ್ಮ ಮಗಳ ಕೈ ಹಿಡಿದು, "ನಡಿ" ಅಂದು ಹೊರಟೇಬಿಟ್ಟರು.

ಅವ್ವ ಬ್ಯಾಗು ತಬ್ಬಿಕೊಂಡು ಶಶಿಯ ಹಿಂದೆ ಬಾಗಿಲಿಗೆ ಹೋದಳು. ಅವನು ಹೊಸ್ತಿಲಲ್ಲಿ ತಿರುಗಿ, "ಅವ್ವ, ನೀನು ಈಚೇಲೇ ಇರು" ಅಂದ. ಗಟ್ಟಿಯಾಗೇನೂ ಅನ್ನಲಿಲ್ಲ. ಆದರೂ ಅವ್ವ ಹೊರಗೇ ನಿಂತಳು. ಬಾಗಿಲು ಮುಚ್ಚಿತು.

"ಮನೆಹಾಳಿ! ನಿನ್ ಕೈಯಾರೆ ನೀನೇ ಕಳ್ಕಂಡಲ್ಲೇ" ಅಂತ ಅವ್ವ ಬೆಂಚಿನಲ್ಲಿ ಕುಸಿದು ಅತ್ತಳು. ನಾನೂ ಅತ್ತೆ. ತಮ್ಮನಿಗಾಗಿ ತ್ಯಾಗ ಮಾಡಿದೆ ಅನ್ನುವ ಹೆಮ್ಮೆ ಗಿಮ್ಮೆ ಏನೂ ಇರಲಿಲ್ಲ. ಆ ಹುಡುಗ ನನಗೆ ಬೇಕಾಗಿತ್ತು, ಅವನು ಇನ್ನು ಸಿಗುವುದಿಲ್ಲ, ಅದಕ್ಕೇ ಅತ್ತೆ. ಅತ್ತು ಮುಗಿಸಿ ವರಾಂಡದಲ್ಲಿ ತಿರುಗಿದೆ. ಶಶಿ ಜಗಲಿಯ ಮುಂದೆ ತಿರುಗುತ್ತಿದ್ದದ್ದು ಹೀಗೇ ಅಂತ ನೆನಪಾಗಿ ನಿಂತೆ. ನಿಲ್ಲಲಾಗದೆ ಮತ್ತೆ ತಿರುಗಿದೆ. ಬೆಂಚಿನ ಜನ ಒಬ್ಬೊಬ್ಬರಾಗಿ ಪಕ್ಕದ ಕೋಣೆಯ ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡು ಖಾಲಿಯಾದರು. ಆದರೂ ಅವನು ಹೊರಗೆ ಬರಲಿಲ್ಲ. ಅಷ್ಟು ಹೊತ್ತು ಮಾತಾಡುವುದಕ್ಕೆ ಅವನ ಹತ್ತಿರ ಅಷ್ಟೊಂದು ಮಾತಿತ್ತೇ ಅಂತ ಅವ್ವನೇ ಒಮ್ಮೆ ಬಾಗಿಲ ಕಡೆ ನೋಡಿದಳು.

ಕೊನೆಗೆ ಬಂದ. ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ಮಾತ್ರೆಯ ಚೀಟಿ. ನಾನು ಚೀಟಿಗೆ ಕೈ ಚಾಚುವಷ್ಟರಲ್ಲಿ ಗೇಟಿನ ಕಡೆಯಿಂದ ಯಾರೋ ಓಡಿ ಬಂದ ಸದ್ದಾಯಿತು. ರಾಧಾ! ದುಪಟ್ಟಾ ತಲೆಯಿಂದ ಜಾರಿ ಹೆಗಲ ಮೇಲಿತ್ತು. ಭಾಗ್ಯಮ್ಮ ಅಲ್ಲೆಲ್ಲೋ ಹಿಂದೆ, "ಲೇ ರಾಧಾ, ನಿಂತ್ಕಳ್ಳೇ" ಅಂತ ಏದುಸಿರು ಬಿಡುತ್ತಾ ಬರುತ್ತಿದ್ದರು.

"ಸಿಸ್ಟರ್, ರಾಧಾ ಅಂತ ಕೂಗಿದ್ರಲ್ಲ, ನಾನೇ" ಅಂದಳು. ಸಿಸ್ಟರ್ ಕೆಳಗಿಟ್ಟಿದ್ದ ಚೀಟಿ ತೆಗೆದು, ಡಾಕ್ಟರು ಇನ್ನೂ ಇದ್ದಾರೆ, ಒಂದು ನಿಮಿಷ ನಿಲ್ಲಮ್ಮ ಅಂದು ಒಳಗೆ ಹೋದರು. ರಾಧಾ ನನ್ನ ಕಡೆ ತಿರುಗಿದಳು. ಬೆರಳು ಬಾಯಿಗೆ ಹೋಗುತ್ತಿತ್ತು, ಮತ್ತೆ ಕೆಳಗಿಳಿಯುತ್ತಿತ್ತು.

"ಅತ್ಗೆ, ಒಳಗೆ ಏನೇನ್ ಕೇಳ್ತಾರೆ?"

ಅತ್ತಿಗೆ ಅಂದಳಲ್ಲ ಅನ್ನುವುದರಲ್ಲೇ ನಾನಿದ್ದೆ. ಉತ್ತರ ಕೊಟ್ಟವನು ಶಶಿ.

"ನಿದ್ದೆ ಬತ್ತದಾ ಅಂತ ಕೇಳ್ತಾರೆ. ಊಟ ಸೇರ್ತದಾ ಅಂತಾರೆ. ಆಮೇಲೆ, ಬದುಕ್ಬೇಕು ಅನ್ನಿಸ್ತದಾ ಅಂತ್ಲೂ ಕೇಳ್ತಾರೆ. ಎದ್ರುಕೋಬ್ಯಾಡ, ಇರೋದ್ನೇ ಏಳು. ಅನ್ನಿಸ್ತಿಲ್ಲ ಅಂತ ನಾನೂ ಏಳ್ದೆ. ಬೈಯಾಕಿಲ್ಲ ಅವ್ರು."

ರಾಧಾ ತಲೆಯಾಡಿಸಿ ಒಳಗೆ ಹೋದಳು. ಭಾಗ್ಯಮ್ಮ ಬಾಗಿಲವರೆಗೂ ಬಂದು, ಮುಚ್ಚಿದ್ದನ್ನು ನೋಡಿ, ಬೆಂಚಿನ ಆ ತುದಿಯಲ್ಲಿ ಕೂತು ಸೆರಗಿನಿಂದ ಮುಖ ಒತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ. ಮದುವೆಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅವ್ವ ಮಾತ್ರ ಶಶಿಯನ್ನೇ ನೋಡುತ್ತಿದ್ದಳು. ಅವನು ರಾಧಾಳಿಗೆ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಅವಳ ತುಟಿ ಅಲುಗಿತು. ಈಗ ಗ್ಯಾಸ್ಟ್ರಿಕ್ ಅನ್ನುತ್ತಾಳೆ, ನಾನು ಕೂಗಾಡಿಬಿಡುತ್ತೇನೆ ಅಂತ ಕಾಯುತ್ತಿದ್ದೆ.

ಅವಳು ತೊಡೆಯ ಮೇಲಿದ್ದ ಬ್ಯಾಗನ್ನು ಕೆಳಗಿಟ್ಟಳು. ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಕೈ ತಟ್ಟಿದಳು.

"ಬಾ ಮಗ, ಇಲ್ಲಿ ಕೂತ್ಕ. ಅಂಗಂದ್ಯಂತಲ್ಲ ಒಳಗೆ" ಅಂದಳು. "ನಂಗೂ ಏಳು."