ಹೊಟ್ಟೆಗಿಳಿದ ಕಬ್ಬಿಣ

ಮಸ್ಕಿಯ ಸಂತೆ ಬಯಲಿನ ಪಕ್ಕದಲ್ಲಿ ಮಲೀಕಸಾಬನ ಕುಲುಮೆ. ಕುಡುಗೋಲು, ಕುರ್ಪಿ, ಕೊಡಲಿ ಏನೇ ಬೇಕಾದರೂ ಪಾಮನಕಲ್ಲೂರಿನ ಜನ ಕೂಡ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ನಲವತ್ತು ವರ್ಷ ಕಬ್ಬಿಣ ಬಡಿದವನು. ಕಬ್ಬಿಣದ ಬಗ್ಗೆ ತನಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ಅದು ಕಬ್ಬಿಣವೇ ಅಲ್ಲ ಎನ್ನುವಷ್ಟು ಸೊಕ್ಕು ಅವನಿಗಿತ್ತು. ಆ ಸೊಕ್ಕು ಇಳಿದದ್ದು ಮಗಳ ಹೊಟ್ಟೆನೋವಿನಿಂದ.

ಮಗಳು ಅರ್ಜುಮಂದ್ ಸಿಂಧನೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು, ಮುಖ ಮಾತ್ರ ಬಿಳುಚಿಕೊಂಡಿತ್ತು. ಆಶಾ ಕಾರ್ಯಕರ್ತೆ ದೀಪಾ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ಹನ್ನೊಂದು ಇರಬೇಕಾದ ಹಿಮೋಗ್ಲೋಬಿನ್ ಏಳು ಪಾಯಿಂಟ್ ಎಂಟು ಇತ್ತು.

"ದಿನಾ ಎರಡು ಕಬ್ಬಿಣದ ಗುಳಗಿ ನುಂಗಬೇಕವ್ವಾ. ತಪ್ಪಿಸಬ್ಯಾಡ" ಎಂದು ದೀಪಾ ಗುಳಿಗೆ ಕೊಟ್ಟು ಹೋದಳು.

"ಗುಳಿಗ್ಯಾಗ ಕಬ್ಬಿಣಾ?" ಮಲೀಕಸಾಬ ನಕ್ಕುಬಿಟ್ಟ. "ಹಂಗಾದ್ರ ನನ್ನ ಕುಲುಮಿ ಮುಂದ ಕುಂತು ನಾಕು ಸಲ ಉಸುರು ತಗೊಳ್ಳಿ, ಸಾಕು."

ಜಮೀಲಾಬೀ ಮಾತ್ರ ಗಂಡನ ಮಾತಿಗೆ ಕಿವಿಗೊಡದೆ ಮಗಳಿಗೆ ಹೊತ್ತುಹೊತ್ತಿಗೆ ಗುಳಿಗೆ ನುಂಗಿಸಿದಳು. ಬಾಯಿ ಕೆಡುತ್ತದೆಂದು ಜೊತೆಗೆ ಒಂದು ಲೋಟ ಖಡಕ್ ಚಹಾ. ವಾರ ಕಳೆಯುವುದರೊಳಗೆ ಅರ್ಜುಮಂದಳಿಗೆ ಹೊಟ್ಟೆ ತೊಳಸತೊಡಗಿತು. ಎದೆಯುರಿ ಬೇರೆ. ರೊಟ್ಟಿ ಕಂಡರೆ ಆಗದು.

ಹೊಟ್ಟೆಯ ಮಾತನ್ನು ಅಪ್ಪನ ಮುಂದೆ ಆಡುವ ರೂಢಿ ಆ ಮನೆಯಲ್ಲಿರಲಿಲ್ಲ. ಆದರೆ ಕುಲುಮೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ತಗಡು ಅಷ್ಟೇ. ಒಂದು ಬೆಳಿಗ್ಗೆ ಮಗಳ ದನಿ ಅವನ ಕಿವಿಗೆ ಬಿತ್ತು.

"ಅಮ್ಮೀ, ಹೊರಕಡಿ ಮೂರು ದಿನಕ್ಕೊಮ್ಮೆ ಆಗಾಕತ್ತೈತಿ. ಅದೂ ಡಾಂಬರ ಹಂಗ ಕರ್ರಗ. ಒಳಗ ಏನೋ ಸುಟ್ಟೈತಿ ಅಮ್ಮೀ, ನನಗ ಅಂಜಿಕಿ ಬರ್ತೈತಿ."

ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು. ಕರ್ರಗಿನ ಕಸ! ಕಮ್ಮಾರನಿಗೆ ಅದರ ಅರ್ಥ ಒಂದೇ: ಕಿಟ್ಟ. ಬೆಂಕಿ ಹೆಚ್ಚಾದರೆ ಒಳ್ಳೆಯ ಕಬ್ಬಿಣವೂ ಸುಟ್ಟು ಕಪ್ಪು ಕಿಟ್ಟವಾಗಿ ಉದುರುತ್ತದೆ. ಆಮೇಲೆ ಅದರಿಂದ ಒಂದು ಮೊಳೆಯೂ ಆಗದು. ಅವನು ತಗಡು ಸರಿಸಿ ಹೆಂಡತಿಯನ್ನು ಕರೆದ.

"ಗುಳಗಿ ಬಂದ್ ಮಾಡು. ಹೊಟ್ಟ್ಯಾಗ ಕಿಟ್ಟ ಬೀಳಾಕತ್ತೈತಿ. ಉಷ್ಣ ಕೂಸಿಗೆ ಹತ್ತೀತು."

"ದೀಪಾಗ ಒಂದು ಮಾತು ಕೇಳೋಣ್ರಿ."

"ಕಬ್ಬಿಣದ ಮಾತು ನನಗ ಹೇಳ್ತಿಯೇನು?"

ಅಲ್ಲಿಗೆ ಮುಗಿಯಿತು. ಗುಳಿಗೆ ಬಿಟ್ಟ ನಾಲ್ಕೇ ದಿನಕ್ಕೆ ಮಗಳ ಹೊಟ್ಟೆ ಹಗುರಾಯಿತು, ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಮಲೀಕಸಾಬ ಮೀಸೆ ತಿರುವಿದ.

ತಿಂಗಳ ನಂತರ ತಂದೆ ಮಗಳು ಲಿಂಗಸುಗೂರಿನ ಆಸ್ಪತ್ರೆಗೆ ಹೋದರು. ಹಿಮೋಗ್ಲೋಬಿನ್ ಏಳು ಪಾಯಿಂಟ್ ಒಂದಕ್ಕೆ ಇಳಿದಿತ್ತು. ಡಾಕ್ಟರಮ್ಮ ಚೀಟಿಯಿಂದ ತಲೆ ಎತ್ತಿ ಅವನನ್ನೇ ನೋಡಿದರು.

"ಇಷ್ಟು ಕಡಿಮಿ ರಕ್ತ ಇಟ್ಕೊಂಡು ಹಡೆದ್ರ, ಚೂರು ರಕ್ತ ಹೋದ್ರೂ ನಿಮ್ಮ ಮಗಳು ತಡಕೊಳ್ಳಂಗಿಲ್ಲ. ಗುಳಗಿ ತಗೊಳ್ಳಾಕತ್ತಾಳೋ ಇಲ್ಲೋ?"

ಅವನು ಚೀಟಿ ಇಸಿದುಕೊಂಡು ಮಡಚಿ ಜೇಬಿಗಿಟ್ಟ. ಮರಳುವ ಬಸ್ಸಿನಲ್ಲಿ ಮಗಳು ಅವನ ಹೆಗಲಿಗೆ ಒರಗಿ ನಿದ್ದೆ ಹೋದಳು. ತನ್ನ ಕೈಯಾರೆ ತನ್ನ ಮಗಳನ್ನು ಸಾವಿನ ಕಡೆ ದೂಡಿದೆನಲ್ಲ ಎಂದುಕೊಳ್ಳುತ್ತ ಅವಳ ತಲೆ ಜಾರದಂತೆ ದಾರಿಯುದ್ದಕ್ಕೂ ಹಿಡಿದುಕೊಂಡ. ಮಸ್ಕಿಯಲ್ಲಿ ಇಳಿದವನು ಮೊದಲು ದೀಪಾಳನ್ನು ಮನೆಗೆ ಕರೆಸಿದ.

"ತಪ್ಪು ನಂದವ್ವಾ. ಕಿಟ್ಟ ಅಂತ ತಿಳದು ನಾನೇ ಬಿಡಿಸಿದೆ."

ದೀಪಾ ಬಯ್ಯಲಿಲ್ಲ. "ಕಾಕಾ, ಕರ್ರಗ ಆಗೋದು ಆ ಗುಳಗಿ ಗುಣ. ಮೈಗೆ ಹಿಡೀಲಾರದ ಕಬ್ಬಿಣ ಹಂಗ ಹೊರಗ ಹೋಗ್ತೈತಿ. ಏನೂ ಸುಟ್ಟಿಲ್ಲ. ಅರ್ಜು, ಯಾತರ ಜೋಡಿ ನುಂಗ್ತಿದ್ದಿ?"

"ಚಾ ಜೋಡಿ."

"ಅದಕ್ಕ ಮತ್ತ! ಚಾ ಕಬ್ಬಿಣಾನ ಹಿಡದು ಕುಂದರ್ತೈತಿ, ರಕ್ತಕ್ಕ ಬಿಡಂಗಿಲ್ಲ. ಊಟ ಆದಮ್ಯಾಲೆ ನಿಂಬಿಹಣ್ಣಿನ ನೀರಿನ ಜೋಡಿ ನುಂಗು. ಚಾ, ಹಾಲು ಎರಡು ತಾಸು ದೂರ ಇರಲಿ."

ಮಲೀಕಸಾಬ ಕುಲುಮೆಯ ಕಡೆ ತಿರುಗಿ ನೋಡಿದ. ಕಬ್ಬಿಣವಿಟ್ಟು ಬಡಿಯುವ ಉಕ್ಕಿನ ಅಡಿಗಲ್ಲಿನ ಮೇಲೆ ಚಹಾ ಚೆಲ್ಲಿದರೆ ಮರುದಿನ ಅಲ್ಲಿ ಶಾಯಿಯಂಥ ಕರೆ ಕೂತಿರುತ್ತದೆ, ಎಷ್ಟು ತಿಕ್ಕಿದರೂ ಬಿಡದು. ಅರ್ಧ ನಿಂಬೆಹಣ್ಣು ಉಜ್ಜಿದರೆ ಬಿಡುತ್ತದೆ. ಸಾವಿರ ಸಲ ಉಜ್ಜಿದ್ದಾನೆ. ಅದೇ ಆಟ ಮಗಳ ಹೊಟ್ಟೆಯೊಳಗೂ ನಡೆದಿತ್ತೆ?

"ದೀಪಾ, ಮನಷ್ಯಾನ ಮೈಯಾಗ ಖರೇನ ಕಬ್ಬಿಣ ಐತೇನವ್ವಾ? ನಾ ಬಡಿಯೋ ಕಬ್ಬಿಣ?"

"ಅದೇ ಕಾಕಾ. ಎಲ್ಲಾ ಕೂಡಿಸಿದ್ರ ಒಂದು ಮೊಳಿ ಆಗ್ತೈತಿ, ಅಷ್ಟ."

ಕೆಲಸದಲ್ಲಿ ಬೆರಳು ಕೊಯ್ದುಕೊಂಡಾಗಲೆಲ್ಲ ಅವನು ಅದನ್ನು ಬಾಯಿಗಿಟ್ಟುಕೊಂಡಿದ್ದ. ನಾಲಿಗೆಗೆ ಕಬ್ಬಿಣದ ರುಚಿ ಹತ್ತುತ್ತಿತ್ತು. ಕೈಗಂಟಿದ ಧೂಳು ಅಂದುಕೊಂಡಿದ್ದ, ಅದು ರಕ್ತದ ರುಚಿಯೇ ಆಗಿತ್ತು! ಅವನು ಒಂದು ಮೊಳೆ ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದ. ಇಷ್ಟರ ಮೇಲೆ ಮಗಳ ಉಸಿರು ನಿಂತಿದೆ, ಇಷ್ಟರಲ್ಲೇ ಒಳಗಿನ ಕೂಸು ತನ್ನ ಪಾಲು ಕೇಳುತ್ತಿದೆ.

ಅಂದಿನಿಂದ ನಿಂಬೆಹಣ್ಣು ಹಿಂಡುವ ಕೆಲಸ ಅವನದೇ. ಹೊಟ್ಟೆ ಪೂರ್ತಿ ಸರಿಹೋಯಿತು ಅನ್ನುವಂತಿಲ್ಲ. ಕೆಲವು ದಿನ ಅರ್ಜುಮಂದ್ ಕಣ್ಣಲ್ಲಿ ನೀರು ತಂದುಕೊಂಡು ನುಂಗಿದಳು. ನೆನೆಸಿದ ಅಂಜೂರ, ಸೊಪ್ಪಿನ ಪಲ್ಯ, ಚೊಂಬುಗಟ್ಟಲೆ ನೀರು, ಹೇಗೋ ಹೊಟ್ಟೆ ಕಟ್ಟುವುದು ಕಡಿಮೆಯಾಯಿತು. ಮಲೀಕಸಾಬನಂತೂ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿ ದಿನಾ ಬೆಳಿಗ್ಗೆ ಕೇಳುತ್ತಿದ್ದ.

"ಬೇಟಿ, ಕರ್ರಗ ಐತಿಲ್ಲೋ?"

"ಐತಿ ಅಬ್ಬಾ!" ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

"ನಾಚಿಕಿ ಬಿಟ್ರಿ ನೀವು" ಎಂದು ಜಮೀಲಾಬೀ ಹಣೆ ಬಡಿದುಕೊಳ್ಳುತ್ತಿದ್ದಳು.

ಆರು ವಾರಕ್ಕೆ ಒಂಬತ್ತು ಪಾಯಿಂಟ್ ಆರು. ದಿನ ತುಂಬಿದಾಗ ಲಿಂಗಸುಗೂರಿನಲ್ಲೇ ಹೆರಿಗೆಯಾಯಿತು. ಬಾಗಿಲಾಚೆ ಮಲೀಕಸಾಬ ಕೂರಲಾರದೆ ನಿಲ್ಲಲಾರದೆ ಒದ್ದಾಡಿದ. ಕಡೆಗೆ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸನ್ನು ತಂದಳು. ಅವನು ಕೂಸಿನ ಕಡೆ ಕೈ ಚಾಚದೆ ಅವಳ ಮುಖ ನೋಡಿದ.

"ರಕ್ತ ಜರಾ ಹೆಚ್ಚೇ ಹೋತ್ರಿ" ಎಂದಳು ನರ್ಸಮ್ಮ. "ಆದ್ರ ತಡಕೊಂಡ್ಳು. ಆರಾಮ ಅದಾಳ, ನೀರು ಕೇಳಾಕತ್ತಾಳ."

ಆಗ ಅವನು ಕೂಸನ್ನು ಎತ್ತಿಕೊಂಡ. ಅಬ್ಬ, ಎಂಥ ಕೆಂಪು! ಕೆಂಪಿನ ಮೇಲೆಯೇ ಕಾವನ್ನು ಅಳೆಯುತ್ತ ಬದುಕಿದವನು ಅವನು. ಬೆಂಕಿಯಿಲ್ಲದೆ ಇಷ್ಟು ಕೆಂಪಗಾದದ್ದನ್ನು ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಹುಟ್ಟಿದ ಕೂಸಿಗೆ ಮೊದಲು ಕೇಳಿಸಬೇಕಾದ ಪ್ರಾರ್ಥನೆಯ ಕರೆ, ಅಜಾನ್ ಹೇಳಲು ಅದರ ಬಲಗಿವಿಗೆ ಬಾಗಿದ. ಅಲ್ಲಾಹು ಅಕ್ಬರ್, ದೇವರು ದೊಡ್ಡವನು ಎಂಬ ಮೊದಲ ಮಾತು ಹೇಗೋ ಬಂತು. ಎರಡನೆಯದನ್ನು ಒಳಗೆ ಮಲಗಿದ್ದ ಮಗಳಿಗೂ ಕೇಳುವಂತೆ ದನಿಯೆತ್ತಿ ಹೇಳಿದ.